ಕಡಲಿಗೆ ಕರೆಂಟು ಕೇಳುವ ಮೊದಲು

ಕಡಲ ಹರಿವಿನಿಂದ ವಿದ್ಯುತ್ ತೆಗೆಯಲು ಯಾವ ಜಾಗ ಯೋಗ್ಯವೆಂಬುದನ್ನು ಮೊದಲು ತೀರ್ಮಾನಿಸುವುದು ನೀರಿನ ವೇಗ. ವೇಗ ಎರಡು ಪಟ್ಟಾದರೆ ಶಕ್ತಿ 8 ಪಟ್ಟಾಗುತ್ತದೆ. ಸೆಕೆಂಡಿಗೆ 1 ಮೀಟರ್ ಹರಿಯುವ ಉಪ್ಪುನೀರಿನಲ್ಲಿ ಚದರ ಮೀಟರಿಗೆ ಸಿಗುವುದು ಸುಮಾರು ಅರ್ಧ ಕಿಲೋವಾಟ್. 2 ಮೀಟರ್ ಹರಿದರೆ 4 ಕಿಲೋವಾಟ್. ಟರ್ಬೈನಿಗೆ ದಕ್ಕುವುದು ಇದರ ಅರ್ಧಕ್ಕೂ ಕಡಿಮೆ. ಈ ಲೆಕ್ಕವನ್ನು ಮುಚ್ಚಿಟ್ಟು, ಕರಾವಳಿಯ ಉದ್ದವನ್ನೇ ಬಂಡವಾಳ ಮಾಡಿಕೊಂಡು ಕರ್ನಾಟಕಕ್ಕೆ ಕಡಲ ವಿದ್ಯುತ್ತಿನ ಆಸೆ ಹುಟ್ಟಿಸುವ ಬರಹಗಳು ಜನರ ದಾರಿ ತಪ್ಪಿಸುತ್ತವೆ.

ವೇಗ ಹುಟ್ಟುವುದು ಇಕ್ಕಟ್ಟಿನಲ್ಲಿ. ಸ್ಕಾಟ್ಲೆಂಡಿನ ಮುಖ್ಯ ಭೂಭಾಗಕ್ಕೂ ಆರ್ಕ್ನಿ ದ್ವೀಪಗಳಿಗೂ ನಡುವಿನ ಪೆಂಟ್‌ಲೆಂಡ್ ಜಲಸಂಧಿಯ ಎರಡು ಬದಿಗಳಲ್ಲಿ ಉಬ್ಬರ ಬೇರೆ ಬೇರೆ ಹೊತ್ತಿಗೆ ಏರುತ್ತದೆ. ಹಾಗಾಗಿ ಕೆಲವೆಡೆ ನೀರು ಸೆಕೆಂಡಿಗೆ 4-5 ಮೀಟರ್ ನುಗ್ಗುತ್ತದೆ. ಮೇಜೆನ್ ಯೋಜನೆ 1.5 ಮೆಗಾವಾಟಿನ ನಾಲ್ಕು ಟರ್ಬೈನುಗಳನ್ನು ಇಳಿಸಿದ್ದು ಅಲ್ಲಿ. ಭಾರತದಲ್ಲಿ ಖಂಭಾತ್ ಕೊಲ್ಲಿಯ ಬಾಯಿ ಅಗಲ, ಒಳಗೆ ಹೋದಂತೆ ಕಿರಿದು. ಹಾಗಾಗಿ ಉಬ್ಬರ 11 ಮೀಟರಿನವರೆಗೂ ಏರಿ, ನೀರು ಬಿರುಸಾಗಿ ಹರಿಯುತ್ತದೆ. ಮಂಗಳೂರು, ಕಾರವಾರಗಳಲ್ಲಿ ಉಬ್ಬರ 2 ಮೀಟರಿನ ಆಸುಪಾಸು.

ವೇಗವೊಂದೇ ಇದ್ದರೂ ಸಾಲದು. ಖಂಭಾತಿಗೆ ನರ್ಮದೆ, ತಾಪಿ, ಮಹಿ, ಸಾಬರಮತಿಗಳು ಹೂಳು ತಂದು ಸುರಿಯುತ್ತವೆ. ಕಚ್ಛ್ ಕೊಲ್ಲಿಯಲ್ಲಿ ಹವಳದ ದಿಬ್ಬಗಳಿವೆ, ಕಾಂಡ್ಲಾ ಬಂದರಿನ ಹಡಗುಗಳ ದಾರಿಯೂ ಅದೇ. ಅಲ್ಲಿನ 50 ಮೆಗಾವಾಟಿನ ಯೋಜನೆಯನ್ನೂ ಸುಂದರಬನದ ದುರ್ಗಾದುವಾನಿಯ 3.75 ಮೆಗಾವಾಟಿನ ಯೋಜನೆಯನ್ನೂ ವಿಪರೀತ ಖರ್ಚಿನ ಕಾರಣಕ್ಕೆ ಕೈಬಿಡಲಾಯಿತು.

ಕರ್ನಾಟಕದಲ್ಲಿ ಹರಿವು ಬಿಗಿಯಾಗುವುದು ಅಳಿವೆಗಳ ಬಾಯಲ್ಲಿ. ಯೋಜನೆಕಾರರ ಕಣ್ಣು ಬೀಳುವುದೂ ಅಲ್ಲಿಗೇ. ಆದರೆ ಅಳಿವೆ ಖಾಲಿ ಜಾಗವಲ್ಲ. ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಸೊಂಟಮಟ್ಟ ನೀರಿನಲ್ಲಿ ನಿಂತು ಬಳಚು ಆಯುತ್ತಾರೆ. ಗಜನಿ ಗದ್ದೆಗಳ ಕಗ್ಗ ಭತ್ತ ಬೆಳೆಯುವುದು ಅದೇ ಉಪ್ಪುನೀರಿನ ಏರಿಳಿತವನ್ನು ತಾಳಿಕೊಂಡು. ಅದೇ ಅಳಿವೆಯ ದಡದ ತದಡಿಗೆ ಉಷ್ಣ ವಿದ್ಯುತ್ ಸ್ಥಾವರ ತರಹೊರಟಾಗ ಎದ್ದುನಿಂತವರು ಇದೇ ಜನ. 2024ರಲ್ಲಿ ಆ ಅಳಿವೆ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವಾಯಿತು. ಹೊಗೆಯಿಲ್ಲದ ವಿದ್ಯುತ್ತು ಎಂಬ ಒಂದೇ ಕಾರಣಕ್ಕೆ ಅದರ ಬಾಯಿಗೆ ಟರ್ಬೈನಿನ ಅಡ್ಡಗಟ್ಟೆ ಹಾಕುವುದನ್ನು ಒಪ್ಪಲಾಗದು.

ಯಾವ ಜಾಗವನ್ನೇ ಹೆಸರಿಸುವ ಮೊದಲು ಅಮಾವಾಸ್ಯೆ, ಹುಣ್ಣಿಮೆ, ಅಷ್ಟಮಿಗಳ ಹರಿವನ್ನು ಮಳೆಗಾಲವೂ ಸೇರಿ ಇಡೀ ವರ್ಷ ಅಳೆಯಬೇಕು. ಸೆಳೆತ ಎಲ್ಲಿದೆ, ಬಲೆ ಎಲ್ಲಿ ಬೀಳುತ್ತದೆ ಎಂಬುದನ್ನು ನಾಡದೋಣಿಯವರಿಂದ ಕೇಳಿ ನಕ್ಷೆಗೆ ಇಳಿಸಬೇಕು. ಟೆಂಡರು ಕರೆದ ಮೇಲಲ್ಲ, ಅದಕ್ಕೂ ಮೊದಲು.