ನಾಳ ಹಿಗ್ಗಿದರೆ ಸಾಲದು, ಕಾಲು ನಡೆಯಬೇಕು

ಮಿದುಳು ಮತ್ತು ಬೆನ್ನುಹುರಿಯ ನರತಂತುಗಳಿಗೆ ಮಯಲಿನ್ ಎಂಬ ಹೊದಿಕೆಯುಂಟು. ದೇಹದ ರಕ್ಷಣಾವ್ಯವಸ್ಥೆಯೇ ದಾರಿತಪ್ಪಿ ಈ ಹೊದಿಕೆಯನ್ನು ಕೆಡಿಸುವ ವ್ಯಾಧಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಹೆಸರು. ಹರೆಯದಲ್ಲಿಯೇ ಕಾಲು ತಡವರಿಸುತ್ತದೆ, ಕೈ ಸೋಲುತ್ತದೆ, ಆಯಾಸವು ಆವರಿಸುತ್ತದೆ. ಇಡೀ ಮನೆಯೇ ಚಿಂತೆಗೀಡಾಗುತ್ತದೆ.

2009ರಲ್ಲಿ ಇಟಲಿಯ ಫೆರಾರಾ ವಿಶ್ವವಿದ್ಯಾಲಯದ ಡಾ. ಪಾವೊಲೊ ಜಾಂಬೋನಿಯವರು ಈ ರೋಗಕ್ಕೂ ಕೊರಳು ಮತ್ತು ಎದೆಯ ಅಭಿಧಮನಿಗಳು ಕಿರಿದಾಗಿರುವುದಕ್ಕೂ ಸಂಬಂಧವುಂಟೆಂದು ಪ್ರತಿಪಾದಿಸಿದರು. ಬಲೂನಿನಿಂದ ಆ ನಾಳಗಳನ್ನು ಹಿಗ್ಗಿಸುವ ಚಿಕಿತ್ಸೆ ಪ್ರಚಾರಕ್ಕೆ ಬಂದಿತು. ಅವರ ಧರ್ಮಪತ್ನಿಯೂ ಇದೇ ರೋಗದಿಂದ ನರಳುತ್ತಿದ್ದರು. ಸ್ವದೇಶದಲ್ಲಿ ಈ ಚಿಕಿತ್ಸೆ ದೊರೆಯದೆ ಕೆನಡಾದ ಅನೇಕ ರೋಗಿಗಳು ಪೋಲೆಂಡಿಗೆ, ಕೋಸ್ಟರಿಕಾಕ್ಕೆ, ನಮ್ಮ ಭಾರತಕ್ಕೂ ಬಂದರು. ಮರಳಿದವರಲ್ಲಿ ಕೆಲವರು ಮೈ ಹಗುರವಾಯಿತೆಂದರು.

ಮುಂದೆ ಸತ್ಯವು ಬೇರೆಯಾಗಿ ಕಂಡಿತು. ಈ ಚಿಕಿತ್ಸೆಯಿಂದ ಸಾವು, ಪಾರ್ಶ್ವವಾಯು ಸಂಭವಿಸಿವೆಯೆಂದು 2012ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಎಚ್ಚರಿಸಿತು. ಜಾಂಬೋನಿಯವರೇ ನಡೆಸಿ 2017ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 115 ರೋಗಿಗಳಿದ್ದರು. ಕೆಲವರ ನಾಳಗಳನ್ನು ಹಿಗ್ಗಿಸಲಾಯಿತು, ಉಳಿದವರಿಗೆ ಚಿಕಿತ್ಸೆಯ ತೋರಿಕೆಯನ್ನಷ್ಟೇ ಮಾಡಲಾಯಿತು. ಬಲೂನಿನಿಂದ ಪ್ರಯೋಜನವಾಯಿತೆಂಬುದು ಸಿದ್ಧವಾಗಲಿಲ್ಲ.

ಹಾಗಾದರೆ ಆ ಚಿಕಿತ್ಸೆ ಪಡೆದವರ ಗತಿಯೇನು? ನಾಳ ತೆರೆಯಿತು, ಇನ್ನು ಕಾಲು ತಾನೇ ನಡೆಯುವುದು ಎಂದು ಕುಳಿತವರಿಗೆ ನಿರಾಶೆಯೇ ಗತಿ. ಬಳಸದ ಸ್ನಾಯುವು ರೋಗವಿಲ್ಲದವನಲ್ಲಿಯೂ ಸೊರಗುತ್ತದೆ. ವ್ಯಾಯಾಮವು ರೋಗವನ್ನು ಕಳೆಯದು. ಆದರೆ ಬಲವನ್ನು, ನಡಿಗೆಯನ್ನು ಕಾಯ್ದುಕೊಳ್ಳಲು ನೆರವಾಗುತ್ತದೆ, ಆಯಾಸವನ್ನು ತಗ್ಗಿಸುತ್ತದೆ. ಇದು ನಾಳ ಹಿಗ್ಗಿಸಿಕೊಂಡವರಿಗೂ ಹಿಗ್ಗಿಸಿಕೊಳ್ಳದವರಿಗೂ ಸಮಾನ.

ರೋಗವು ತೀವ್ರವಾಗಿಲ್ಲದ ವಯಸ್ಕರು ವಾರದಲ್ಲಿ 2 ದಿನ 30 ನಿಮಿಷದ ಮಿತ ವ್ಯಾಯಾಮವನ್ನೂ, 2 ಬಾರಿ ಸ್ನಾಯುಬಲದ ಸಾಧನೆಯನ್ನೂ ಮಾಡಬೇಕೆಂದು 2013ರ ಕೆನಡಾದ ಮಾರ್ಗಸೂಚಿ ಹೇಳುತ್ತದೆ. ಮೈ ಬಿಸಿಯಾದರೆ ದೃಷ್ಟಿ ಮಬ್ಬಾಗಬಹುದು, ಕಾಲು ಸೋಲಬಹುದು, ತಣಿದಾಗ ಸರಿಹೋಗುತ್ತದೆ. ಆದ್ದರಿಂದ ತಂಪು ಹೊತ್ತಿನಲ್ಲಿ, ನಡುನಡುವೆ ವಿಶ್ರಮಿಸುತ್ತ ಮಾಡುವುದು ಲೇಸು. ಚಿಕಿತ್ಸೆಯ ಬಳಿಕ ರಕ್ತ ತೆಳುಗೊಳಿಸುವ ಔಷಧ ಸೇವಿಸುವವರು ಬೀಳದಂತೆ ವಿಶೇಷ ಎಚ್ಚರ ವಹಿಸಬೇಕು. ವೈದ್ಯರನ್ನೂ ಫಿಸಿಯೋಥೆರಪಿ ಬಲ್ಲವರನ್ನೂ ಕೇಳಿಯೇ ಆರಂಭಿಸತಕ್ಕದ್ದು.

ಮನೆಯವರಲ್ಲಿ ನಮ್ಮದೊಂದು ವಿನಂತಿ. ಮಮತೆಯಿಂದ ಎಲ್ಲವನ್ನೂ ಕೈಗೆ ತಂದುಕೊಟ್ಟು ರೋಗಿಯನ್ನು ಕೂರಿಸಬೇಡಿರಿ. ನಾಲ್ಕು ಹೆಜ್ಜೆ ತಾನೇ ಇಡಬಲ್ಲವರಿಗೆ ಆ ನಾಲ್ಕನ್ನು ಬಿಟ್ಟುಕೊಡಿರಿ; ಪಕ್ಕದಲ್ಲಿ ನೀವು ನಡೆಯಿರಿ.