ಹಳೆಯ ವಿಮಾನಕ್ಕೆ ಹೊಸ ಬ್ರೇಕು

1931ರಲ್ಲಿ ಮೊದಲು ಹಾರಿದ ಟೈಗರ್ ಮಾತ್ ವಿಮಾನಕ್ಕೆ ಬ್ರೇಕುಗಳೇ ಇರಲಿಲ್ಲ. ಇಳಿದ ಮೇಲೆ ಬಾಲದಡಿಯ ದಂಡವೊಂದು ಹುಲ್ಲುನೆಲವನ್ನು ಕೆರೆಯುತ್ತ ವೇಗವನ್ನು ತಗ್ಗಿಸುತ್ತಿತ್ತು. ಡಾಂಬರಿನ ಓಡುದಾರಿಯಲ್ಲಿ ಅದು ನೆಲವನ್ನು ಕಚ್ಚದು. ಆದುದರಿಂದ ಉಳಿದಿರುವ ಇಂತಹ ವಿಮಾನಗಳಿಗೆ ಬಾಲಗಾಲಿಯನ್ನೂ ಬ್ರೇಕುಗಳನ್ನೂ ಜೋಡಿಸುವುದು ಯುಕ್ತವೇ. ಹಳಮೆಯ ಅಂದಕ್ಕಿಂತ ಚಾಲಕನ ಪ್ರಾಣ ದೊಡ್ಡದಲ್ಲವೆ? ಆದರೆ ಬ್ರೇಕು ಬಲವಾದಷ್ಟೂ ಕ್ಷೇಮವೆಂಬ ವಾದವನ್ನು ನಾವು ಒಪ್ಪಲಾರೆವು. ಈ ವಿಮಾನದ ಗುರುತ್ವಕೇಂದ್ರವು ಮುಂದಿನ ಜೋಡಿಗಾಲಿಗಳಿಗಿಂತ ಎತ್ತರದಲ್ಲಿ, ಸ್ವಲ್ಪವೇ ಹಿಂದೆ ಇದೆ. ಗಾಲಿಗಳನ್ನು ತಟ್ಟನೆ ತಡೆದರೆ ಒಡಲು ಜಡತ್ವದಿಂದ ಮುನ್ನುಗ್ಗಿ, ಬಾಲವು ಮೇಲೆದ್ದು, ಮೂತಿ ನೆಲಕ್ಕೆ ಬಡಿಯಬಹುದು. (ಮರದ ಪ್ರೊಪೆಲರಿನ ಗತಿಯನ್ನು ಹೇಳಬೇಕಾಗಿಲ್ಲ!) ಕೆನಡದಲ್ಲಿ ತಯಾರಾದ ಮಾದರಿಗೆ ಬ್ರೇಕು ಅಳವಡಿಸಿದ ಎಂಜಿನಿಯರರು ಗಾಲಿಗಳನ್ನೂ ಮುಂದಕ್ಕೆ ಸರಿಸಿದ್ದರು. ಹಾಗೆ ಮಾಡದೆ ಬ್ರೇಕನ್ನಷ್ಟೇ ಬಲಪಡಿಸಿದ ವಿಮಾನಕ್ಕೆ ಪರೀಕ್ಷಕರು ಹಾರಲು ಅನುಮತಿ ಕೊಡಬಾರದೆಂದೇ ನಮ್ಮ ಅಭಿಪ್ರಾಯ.