ಜಲದುರ್ಗ: ಹೊಳೆಯೇ ಕಂದಕವಾದ ಊರು

ಕೋಟೆಗಳ ಬಗೆಗಳನ್ನು ಎಣಿಸುವಾಗ ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ಮೊದಲು ಹೆಸರಿಸುವುದು ನೀರಿನ ಕೋಟೆಯನ್ನು. ನದಿಯ ನಡುವಣ ದ್ವೀಪದ ಮೇಲೆ ಕಟ್ಟಿದ ದುರ್ಗ ಆ ಬಗೆಗೆ ಸೇರಿದುದು. ಬೆಟ್ಟದ ಕೋಟೆ, ಮರುಭೂಮಿಯ ಕೋಟೆ, ಕಾಡಿನ ಕೋಟೆಗಳ ಮಾತು ಅನಂತರ. ಶಾಸ್ತ್ರದ ಈ ರೂಢನಾಮವನ್ನೇ ಅಂಕಿತನಾಮವಾಗಿ ಧರಿಸಿದ ಊರೊಂದು ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನಲ್ಲಿದೆ. ಅದೇ ಜಲದುರ್ಗ. ಕೃಷ್ಣೆಯು ಅಲ್ಲಿ ಕವಲೊಡೆದು ಮತ್ತೆ ಕೂಡುತ್ತಾಳೆ. ಆ ಎರಡು ಕವಲುಗಳ ನಡುವೆ ಬಂಡೆಗಲ್ಲು, ಬಂಡೆಯ ಮೇಲೆ ಕೋಟೆ, ಕೋಟೆಯ ಮಗ್ಗುಲಿಗೆ ಹಳ್ಳಿ.

ಹಂಪೆಗೂ ಬಿಜಾಪುರಕ್ಕೂ ಹೋಗುವ ಪ್ರವಾಸಿಗರಲ್ಲಿ ಈ ಹೆಸರನ್ನು ಕೇಳಿದವರು ಎಷ್ಟು ಮಂದಿ? ಕೇಳಿದ್ದರೂ ಹೋದವರೆಷ್ಟು?

ಸಿಂಧನೂರಿನಿಂದ ಹೊರಡುವುದಾದರೆ ದಾರಿಯೇ ಒಂದು ಪಾಠ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರಿನ ಸೀಮೆ ಭತ್ತದ ಕಣಜವಾಯಿತು. ಕಣ್ಣು ಹರಿದಷ್ಟು ದೂರ ಹಸಿರು. ಮಸ್ಕಿಯನ್ನು ಸಮೀಪಿಸುತ್ತಿದ್ದಂತೆ ಕಲ್ಲುಗುಡ್ಡಗಳು ತಲೆಯೆತ್ತುತ್ತವೆ. 1915ರಲ್ಲಿ ಚಿನ್ನದ ಗಣಿಗಳ ಎಂಜಿನಿಯರ್ ಬೀಡನ್ ಎಂಬಾತ ಇಲ್ಲಿಯೇ ಒಂದು ಬಂಡೆಯ ಮೇಲಿನ ಬರಹವನ್ನು ಕಂಡುಹಿಡಿದುದು. ‘ದೇವಾನಾಂಪ್ರಿಯ’ ಎಂದು ತನ್ನನ್ನು ಕರೆದುಕೊಂಡ ಅರಸನು ಅಶೋಕನೇ ಎಂಬುದಕ್ಕೆ ಶಾಸನದ ಸಾಕ್ಷಿ ಮೊದಲು ದೊರೆತದ್ದು ಆ ಬಂಡೆಯಿಂದ. ಚಿನ್ನ ಹುಡುಕಲು ಬಂದವನಿಗೆ ಚಕ್ರವರ್ತಿಯ ಹೆಸರು ಸಿಕ್ಕಿತು! ಮುಂದೆ ಲಿಂಗಸುಗೂರು, ನಿಜಾಮರ ಆಳಿಕೆಯಲ್ಲಿ 1905ರವರೆಗೆ ಜಿಲ್ಲೆಯ ಕೇಂದ್ರವಾಗಿ, ದಂಡಿನ ಠಾಣ್ಯವಾಗಿ ಮೆರೆದ ಊರು. ಅಲ್ಲಿಂದ ಉತ್ತರಕ್ಕೆ ತಿರುಗಿದರೆ ಹೊಳೆಯ ದಿಕ್ಕು.

ಕೃಷ್ಣೆ ಎಂದೊಡನೆ ಬಯಲುಸೀಮೆಯ ಮಂದಗಾಮಿನಿಯ ಚಿತ್ರ ಮನಸ್ಸಿಗೆ ಬರುವುದು ಸಹಜ. ಈ ಭಾಗದಲ್ಲಿ ಅವಳ ನಡಿಗೆ ಹಾಗಿಲ್ಲ. ದಖ್ಖಣದ ಎತ್ತರದ ನೆಲದಿಂದ ಸುರಪುರ, ರಾಯಚೂರುಗಳ ತಗ್ಗಿನ ಬಯಲಿಗೆ ಅವಳು ಇಳಿಯುವುದು ಇಲ್ಲಿಯೇ. ಸುಮಾರು ಮೂರು ಮೈಲಿಗಳ ಅಂತರದಲ್ಲಿ 408 ಅಡಿಗಳಷ್ಟು ಇಳಿತವೆಂದು ಬ್ರಿಟಿಷರ ಕಾಲದ ಇಂಪೀರಿಯಲ್ ಗೆಜೆಟಿಯರ್ ದಾಖಲಿಸಿದೆ. ಪ್ರವಾಹದ ದಿನಗಳಲ್ಲಿ ಒಡೆದ ಬಂಡೆಗಳ ಮೆಟ್ಟಿಲುಗಳಿಂದ ನೀರು ಭೋರ್ಗರೆದು ಧುಮುಕಿ, ತುಂತುರು ಕಂಬದಂತೆ ಮೇಲೇಳುತ್ತಿತ್ತಂತೆ. ಇಂತಹ ನೀರಿನ ನಡುವೆ ಕೋಟೆ ಕಟ್ಟಿದವರ ಯೋಜನೆಯನ್ನು ಊಹಿಸುವುದು ಕಷ್ಟವಲ್ಲ. ಕಂದಕ ತೋಡುವ ಖರ್ಚಿಲ್ಲ, ಅದನ್ನು ತುಂಬಿಸುವ ಚಿಂತೆಯಿಲ್ಲ. ಹಗೆಯ ದಂಡು ದಡದ ಮೇಲೆ ಡೇರೆ ಹೊಡೆದು ಮಳೆಗಾಲ ಮುಗಿಯುವುದನ್ನು ಕಾಯಬೇಕು, ಅಷ್ಟೆ.

ಕಾಯುವ ದಂಡುಗಳಿಗೆ ಈ ಸೀಮೆಯಲ್ಲಿ ಎಂದೂ ಕೊರತೆಯಿರಲಿಲ್ಲ. ಕೃಷ್ಣಾ ತುಂಗಭದ್ರೆಗಳ ನಡುವಣ ಈ ದೋಆಬಿಗಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ, ಅವರ ತರುವಾಯ ಬಿಜಾಪುರದ ಆದಿಲಶಾಹಿಗಳೂ ಕಾದಾಡಿದ ಕಥೆ ಎರಡು ಶತಮಾನಗಳದು. 1520ರಲ್ಲಿ ರಾಯಚೂರಿನ ಬಳಿ ಕೃಷ್ಣದೇವರಾಯನಿಗೆ ಸೋತ ಇಸ್ಮಾಯಿಲ್ ಆದಿಲಶಹನ ಸೈನಿಕರಲ್ಲಿ ಕತ್ತಿಗೆ ಸಿಕ್ಕದೆ ಉಳಿದವರು ಅನೇಕರು ಹೊಳೆಯ ಪಾಲಾದರು. ಆ ಕಾಲದ ಜನ ಹೊಳೆ ದಾಟುತ್ತಿದ್ದ ಬಗೆಯನ್ನು ಪೋರ್ಚುಗೀಸ್ ಪ್ರವಾಸಿ ಪೇಸ್ ಆನೆಗೊಂದಿಯ ಬಳಿ ತುಂಗಭದ್ರೆಯಲ್ಲಿ ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ: ಬುಟ್ಟಿಯಂತೆ ದುಂಡಗೆ ಹೆಣೆದು, ಹೊರಮೈಗೆ ತೊಗಲು ಹೊದಿಸಿದ ದೋಣಿಗಳು. ನಮ್ಮ ಹರಿಗೋಲೇ ಅದು. 1565ರ ಯುದ್ಧದಲ್ಲಿ ವಿಜಯನಗರ ಬಿದ್ದ ಮೇಲೆ ದೋಆಬು ಬಿಜಾಪುರದವರ ಕೈಯಲ್ಲಿ ನಿಂತಿತು. 1686ರಲ್ಲಿ ಬಿಜಾಪುರವೂ ಔರಂಗಜೇಬನ ವಶವಾಯಿತು. ಆಮೇಲೆ ನಿಜಾಮರು, 1948ರಲ್ಲಿ ಭಾರತ ಒಕ್ಕೂಟ, 1956ರಲ್ಲಿ ಕನ್ನಡಿಗರೆಲ್ಲರ ರಾಜ್ಯ. ಇಷ್ಟು ಜನ ಒಡೆಯರು ಬದಲಾದರೂ ಜಲದುರ್ಗದ ಹೊಳೆ ಮಾತ್ರ ತನ್ನ ಪಹರೆಯನ್ನು ಬಿಡಲಿಲ್ಲ.

ಕೋಟೆಯಲ್ಲಿ ಇಂದು ಉಳಿದಿರುವುದು ಕುಸಿಯುತ್ತಿರುವ ಗೋಡೆ, ಬುರುಜು, ಬಾಗಿಲುಗಳು; ಅವುಗಳ ನಡುವೆ ಬೆಳೆದ ಮುಳ್ಳುಕಂಟಿ. ಅಪರಾಧಿಗಳನ್ನು ಎತ್ತರದಿಂದ ಹೊಳೆಗೆ ತಳ್ಳುತ್ತಿದ್ದರೆಂಬ ಮಾತು ಆ ಕಡೆ ಪ್ರಚಲಿತವಾಗಿದೆ. ನಮ್ಮ ನಾಡಿನ ಯಾವ ಕೋಟೆಗೆ ಹೋದರೂ ಇಂಥದೊಂದು ಕಥೆ ತಪ್ಪದಾದುದರಿಂದ ಅದಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾದುದಿಲ್ಲ. ಮೇಲೆ ನಿಂತು ಕೆಳಗಿನ ನೀರನ್ನು ನೋಡಿದವರಿಗೆ ಕಥೆಯ ಹುಟ್ಟು ತಾನಾಗಿಯೇ ತಿಳಿಯುತ್ತದೆ.

ಹೊಳೆ, ಕೋಟೆ, ಪುಟ್ಟ ಊರು, ಈ ಮೂರೂ ಒಂದೆಡೆ ಕೂಡಿದ ಸ್ಥಳಕ್ಕೆ ಲೋಕದ ಬೇರೆಡೆಗಳಲ್ಲಿ ಎಂತಹ ಮನ್ನಣೆಯಿದೆಯೆಂಬುದಕ್ಕೆ ಚೆಕ್ ದೇಶದ ಚೆಸ್ಕಿ ಕ್ರುಮ್ಲೋವ್ ಒಂದು ಉದಾಹರಣೆ. ವಲ್ತಾವ ನದಿ ಅಲ್ಲಿ ಹಾವಿನಂತೆ ಬಳುಕಿ ಊರನ್ನು ಸುತ್ತುವರಿದಿದೆ. ಬಂಡೆಯ ನೆತ್ತಿಯ ಮೇಲೆ ಹದಿಮೂರನೆಯ ಶತಮಾನದ ಕೋಟೆ. 1302ರಿಂದ ಮುನ್ನೂರು ವರ್ಷಗಳ ಕಾಲ ರೋಸೆನ್‌ಬರ್ಗ್ ಮನೆತನದವರು ಅದನ್ನು ಆಳಿದರು. 1992ರಲ್ಲಿ ಯುನೆಸ್ಕೋ ಆ ಊರನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಕಂದಕದಲ್ಲಿ ಕರಡಿ ಸಾಕುವ ಪದ್ಧತಿಯನ್ನು ಕೂಡ ಅಲ್ಲಿಯವರು ಬಹುಕಾಲ ಕಾಪಾಡಿಕೊಂಡು ಬಂದಿದ್ದರು! ಆ ನದಿಗೂ ಊರಿನ ಮೇಲ್ಭಾಗದಲ್ಲಿ ಲಿಪ್ನೋ ಎಂಬ ಅಣೆಕಟ್ಟು ಇದೆ. ಅದಿದ್ದರೂ 2002ರ ಆಗಸ್ಟಿನಲ್ಲಿ ವಲ್ತಾವ ಉಕ್ಕಿ ಆ ಚೆಲುವಾದ ಬೀದಿಗಳಿಗೆ ನುಗ್ಗಿತು. ಜಗತ್ತೆಲ್ಲ ಆ ಸುದ್ದಿಯನ್ನು ಓದಿ ಮರುಗಿತು.

ಜಲದುರ್ಗದ ಮೇಲ್ಭಾಗದಲ್ಲಿಯೂ ಅಣೆಕಟ್ಟು ಇದೆ. ನಾರಾಯಣಪುರದ ಬಸವಸಾಗರ, 1982ರಲ್ಲಿ ಪೂರ್ಣಗೊಂಡುದು. ಅದರ ಎಡದಂಡೆ ಕಾಲುವೆಯಿಂದ ಸುರಪುರದ ಸೀಮೆಗೂ ಬಲದಂಡೆ ಕಾಲುವೆಯಿಂದ ಲಿಂಗಸುಗೂರು, ದೇವದುರ್ಗಗಳಿಗೂ ನೀರು ಹರಿದಿದೆ. ಬರವನ್ನೇ ಉಂಡುಟ್ಟ ನೆಲಕ್ಕೆ ಅದು ಸಾಮಾನ್ಯ ಉಪಕಾರವಲ್ಲ. ಆದರೆ ನಡುಗಡ್ಡೆಯವರ ಪಂಚಾಂಗವನ್ನು ಅದು ತಿದ್ದಿ ಬರೆಯಿತು. ಮಳೆ ಬೀಳುವುದು ದೂರದ ಮಹಾಬಳೇಶ್ವರದಲ್ಲಿ, ಕೊಯ್ನಾ ಕಣಿವೆಯಲ್ಲಿ. ದೋಆಬಿನಲ್ಲಿ ಒಂದು ಹನಿಯೂ ಬಿದ್ದಿರುವುದಿಲ್ಲ. ನೆತ್ತಿಯ ಮೇಲೆ ಬಿಸಿಲು. ಅಷ್ಟರಲ್ಲಿ ಆಲಮಟ್ಟಿ ತುಂಬಿ, ನಾರಾಯಣಪುರ ತುಂಬಿ, ಬಾಗಿಲುಗಳು ಮೇಲೇಳುತ್ತವೆ. ಇಂದು ಜಲದುರ್ಗದ ಹೆಬ್ಬಾಗಿಲು ಇರುವುದು ಕೋಟೆಯಲ್ಲಲ್ಲ, ನಾರಾಯಣಪುರದಲ್ಲಿ. ಅದು ತೆರೆದಾಗ ಊರು ಮುಚ್ಚಿಕೊಳ್ಳುತ್ತದೆ.

ನಡುಗಡ್ಡೆಯಲ್ಲಿ ಜಲದುರ್ಗವಲ್ಲದೆ ಯರಗೋಡಿ, ಹಂಚಿನಾಳ, ಕಡದರಗಡ್ಡಿ ಮೊದಲಾದ ಹಳ್ಳಿಗಳಿವೆ. ಅವುಗಳ ಸಂಪರ್ಕಕ್ಕೆ ಕಟ್ಟಿದ ಶೀಲಹಳ್ಳಿಯ ತಗ್ಗಿನ ಸೇತುವೆ ಎಷ್ಟೋ ಮಳೆಗಾಲಗಳಲ್ಲಿ ನೀರಿನಡಿ ಸೇರಿದೆ. ಆಗ ಜಲದುರ್ಗದ ಮಾರ್ಗವಾಗಿ ಸುತ್ತಿ ಬರಬೇಕು. ನೀರು ಇನ್ನೂ ಏರಿದರೆ ಜಲದುರ್ಗದ ಸೇತುವೆಗೂ ಅದೇ ಗತಿ. 2019ರ ಆಗಸ್ಟಿನಲ್ಲಿ ನಾರಾಯಣಪುರದಿಂದ ಹೊರಬಿದ್ದ ನೀರು ಆರು ಲಕ್ಷ ಕ್ಯೂಸೆಕ್ಸಿನ ಆಸುಪಾಸು. ಕ್ಯೂಸೆಕ್ಸ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರು. ಲೆಕ್ಕ ಹಾಕಿದರೆ ಪ್ರತಿಯೊಂದು ಸೆಕೆಂಡಿಗೂ ಒಂದು ಕೋಟಿ ಎಪ್ಪತ್ತು ಲಕ್ಷ ಲೀಟರಿನಷ್ಟು ನೀರು ಆ ಬಂಡೆಗಳ ಮೇಲೆ ಹಾಯ್ದುಹೋಯಿತು. ಅಂತಹ ದಿನ ಹೆರಿಗೆಯ ನೋವು ತಿನ್ನುವ ಹೆಣ್ಣುಮಗಳಿಗೆ, ಹಾವು ಕಚ್ಚಿದ ರೈತನಿಗೆ ಲಿಂಗಸುಗೂರಿನ ಆಸ್ಪತ್ರೆ ಪ್ರೇಗ್ ನಗರದಷ್ಟೇ ದೂರ.

ದೊಡ್ಡ ನಡುಗಡ್ಡೆಯ ಸುತ್ತ ಕರಕಲಗಡ್ಡಿ, ಮ್ಯಾದರಗಡ್ಡಿ ಎಂಬ ಮರಿಗಡ್ಡೆಗಳೂ ಉಂಟು. ಗಡ್ಡಿಯೆಂದರೆ ಆ ಕಡೆಯ ಮಾತಿನಲ್ಲಿ ನಡುಗಡ್ಡೆ. ಅಲ್ಲಿ ಬೆರಳೆಣಿಕೆಯ ಕುಟುಂಬಗಳು ಕುರಿ ಮೇಕೆಗಳೊಡನೆ, ತುಂಡು ಹೊಲಗಳೊಡನೆ ಬಾಳುತ್ತಿವೆ. ಹೊಳೆ ಏರಿದಾಗಲೆಲ್ಲ ಅಧಿಕಾರಿಗಳು ದಡಕ್ಕೆ ಬಂದು, ಹೊರಟುಬನ್ನಿರೆಂದು ಕರೆಯುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಒಪ್ಪುವುದಿಲ್ಲ. ಇದನ್ನು ಹಟವೆಂದು ಬಯ್ಯುವುದು ಸುಲಭ. ಕುರಿಗಳನ್ನು ಯಾರಿಗೆ ಒಪ್ಪಿಸಿ ಬರಬೇಕು, ದಡದ ಮೇಲೆ ಎಲ್ಲಿ ಕಾಲೂರಬೇಕು ಎಂಬ ಪ್ರಶ್ನೆಗೆ ಉತ್ತರವಿಲ್ಲದವರ ಹಟ ಅದು.

ನದಿಯ ಕೋಟೆಯು ಜನಪದವನ್ನು ಕಾಯತಕ್ಕ ತಾಣವೆಂದು ಕೌಟಿಲ್ಯನ ಮತ. ಅರಸರು ಹೋದರು, ಹಗೆಗಳು ಹೋದರು. ಕಾಯಬೇಕಾಗಿದ್ದ ಜನಪದ ಅಲ್ಲಿಯೇ ಇದೆ, ಕಾಯುತ್ತಿದ್ದ ನೀರೇ ಅದರ ಮೇಲೆ ಏರಿಬರುತ್ತದೆ. ಜಲದುರ್ಗವನ್ನು ಪ್ರವಾಸಿ ತಾಣವಾಗಿಸಬೇಕೆನ್ನುವವರು ಮೊದಲು ಬೇಡಬೇಕಾದುದು ಯಾವ ಪ್ರವಾಹಕ್ಕೂ ಮುಳುಗದ ಎತ್ತರದ ಸೇತುವೆಯನ್ನು. ದೀಪಾಲಂಕಾರ, ಉದ್ಯಾನಗಳು ತಡವಾದರೂ ಚಿಂತೆಯಿಲ್ಲ.

ಹೋಗುವವರಿಗೆ ಮಳೆಗಾಲ ಕಳೆದ ಮೇಲಿನ ಚಳಿಯ ತಿಂಗಳುಗಳು ಅನುಕೂಲ. ಬೇಸಗೆಯಲ್ಲಿ ಕಲ್ಲು ಕಾದ ಹಂಚಾಗಿರುತ್ತದೆ. ಬುತ್ತಿಯನ್ನೂ ಕುಡಿಯುವ ನೀರನ್ನೂ ಜೊತೆಗೆ ಒಯ್ಯಬೇಕು. ಮಳೆಗಾಲದಲ್ಲಿಯೇ ನೋಡಬೇಕೆಂಬ ಛಲವುಳ್ಳವರು ಆ ದಿನ ನಾರಾಯಣಪುರದಿಂದ ಎಷ್ಟು ನೀರು ಬಿಟ್ಟಿದ್ದಾರೆಂಬುದನ್ನು ಲಿಂಗಸುಗೂರಿನಲ್ಲಿಯೇ ವಿಚಾರಿಸಿಕೊಂಡು ಹೊರಡುವುದು ಲೇಸು.